ಇಟ್ಟ ಹಣ ಯಾರ ಕೈಯಲ್ಲಿದೆ? ಠೇವಣಿ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಠೇವಣಿಯನ್ನು ಕುರಿತವು. ಕೊಡಗಿನಲ್ಲಿ ಚುನಾವಣೆ ಘೋಷಣೆಯಾದ ಕೂಡಲೇ ಈ ಮಾತು ಎರಡು ಅರ್ಥದಲ್ಲಿ ಕೇಳಿಬರುತ್ತದೆ. ಒಂದು, ಅಭ್ಯರ್ಥಿಯು ಚುನಾವಣಾಧಿಕಾರಿಯ ಬಳಿ ಕಟ್ಟುವ ಹಣ. ಇನ್ನೊಂದು, ಮನೆಯ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕೇ ಬೇಡವೇ ಎಂಬ ಚರ್ಚೆ. ಕೋವಿಯ ವಿಚಾರಕ್ಕೆ ಪ್ರತ್ಯೇಕ ಲೇಖನವೇ ಬೇಕಾಗುವುದರಿಂದ ಇಲ್ಲಿ ಹಣದ ಠೇವಣಿಯನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮರಾಠಿಯಲ್ಲಿ ‘ಠೇವ್’ ಎಂದರೆ ಇಟ್ಟದ್ದು. ನಮ್ಮ ಮಾತು ಅಲ್ಲಿಂದ ಬಂದದ್ದು. ಇಟ್ಟದ್ದು ಬೇರೆ, ಕೊಟ್ಟದ್ದು ಬೇರೆ. ಬ್ಯಾಂಕಿನ ಕೌಂಟರಿನ ಆಚೆ ಬದಿಯಲ್ಲಿ ಬಹಳ ವರ್ಷ ಕುಳಿತ ನನಗೆ, ಈ ಎರಡರ ವ್ಯತ್ಯಾಸವನ್ನು ಮರೆತು ನಷ್ಟ ಮಾಡಿಕೊಂಡವರ ಮುಖಗಳು ಇನ್ನೂ ಕಣ್ಣ ಮುಂದೆ ಇವೆ. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ಚುನಾವಣೆಗೆ ನಿಲ್ಲುವವರು ಹಣ ಏಕೆ ಕಟ್ಟಬೇಕು? ‘ಠೇವಣಿ ಕಳೆದುಕೊಂಡರು’ ಎಂದು ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಓದುತ್ತೇವೆ. ಆ ಲೆಕ್ಕವನ್ನು ಹೇಗೆ ಮಾಡುತ್ತಾರೆ? ಬಡವರು ಸ್ಪರ್ಧಿಸಬಾರದೆಂದೇ ಈ ನಿಯಮವನ್ನು ಮಾಡಿದ್ದಾರೆಯೇ?
– ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಲೆಕ್ಕವನ್ನು ಮೊದಲು ಹೇಳುತ್ತೇನೆ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಈಗ ಲೋಕಸಭೆಗೆ ಸ್ಪರ್ಧಿಸುವವರು 25,000 ರೂಪಾಯಿ, ವಿಧಾನಸಭೆಗೆ ಸ್ಪರ್ಧಿಸುವವರು 10,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಇದರ ಅರ್ಧ. ಅವರು ಮೀಸಲು ಕ್ಷೇತ್ರದಲ್ಲಿ ನಿಂತರೂ ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ ಈ ರಿಯಾಯಿತಿ ಸಿಗುತ್ತದೆ. ಒಬ್ಬರು ಒಂದೇ ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಆದರೆ ಠೇವಣಿ ಒಂದೇ ಸಾಕು. ಸೋತ ಅಭ್ಯರ್ಥಿಗೆ ಈ ಹಣ ಮರಳಬೇಕಾದರೆ, ಎಲ್ಲ ಅಭ್ಯರ್ಥಿಗಳಿಗೆ ಬಿದ್ದ ಒಟ್ಟು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಅವರಿಗೆ ಬಂದಿರಬೇಕು. ಒಂದು ಕ್ಷೇತ್ರದಲ್ಲಿ 1,50,000 ಸಿಂಧು ಮತಗಳು ಬಿದ್ದಿದ್ದರೆ ಆರನೇ ಒಂದು ಭಾಗವೆಂದರೆ 25,000. ಸರಿಯಾಗಿ 25,000 ಮತ ಪಡೆದವರ ಠೇವಣಿಯೂ ಹೋಗುತ್ತದೆ. 25,001 ಬಂದರೆ ಉಳಿಯುತ್ತದೆ. 2013ರಿಂದ ಮತಯಂತ್ರದಲ್ಲಿ ಇರುವ ‘ನೋಟಾ’ಕ್ಕೆ ಬಿದ್ದ ಮತಗಳನ್ನು ಈ ಒಟ್ಟು ಲೆಕ್ಕದಲ್ಲಿ ಸೇರಿಸುವುದಿಲ್ಲ. ಗೆದ್ದವರಿಗೆ ಈ ಷರತ್ತು ಇಲ್ಲ. ಮತಗಳು ಹತ್ತಾರು ಮಂದಿಗೆ ಹಂಚಿಹೋಗಿ ಆರನೇ ಒಂದು ಭಾಗಕ್ಕಿಂತ ಕಡಿಮೆ ಪಡೆದೂ ಗೆದ್ದರೆ ಹಣ ಮರಳುತ್ತದೆ. ನಾಮಪತ್ರ ತಿರಸ್ಕೃತವಾದರೆ, ಅಥವಾ ಗಡುವಿನೊಳಗೆ ಹಿಂದಕ್ಕೆ ಪಡೆದರೆ ಕೂಡ ಮರಳುತ್ತದೆ. ಒಂದೇ ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ನಿಂತವರಿಗೆ, ಎರಡರಲ್ಲೂ ಗೆದ್ದರೂ, ಒಂದು ಠೇವಣಿ ಮಾತ್ರ ವಾಪಸು ಸಿಗುತ್ತದೆ. ಮುಟ್ಟುಗೋಲಾದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆಯೇ ಹೊರತು ಗೆದ್ದ ಪಕ್ಷಕ್ಕಲ್ಲ. ಹಾಗೆ ನಂಬಿರುವವರು ನನಗೆ ಅನೇಕರು ಸಿಕ್ಕಿದ್ದಾರೆ.

ಏಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲಿಯೇ ಇದೆ. ಕಾಯ್ದೆ ಬಂದಾಗ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ ಇತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ಬೆಲೆಗಳೆಲ್ಲ ಏರಿದರೂ ಈ ಮೊತ್ತ 1996ರವರೆಗೆ ಹಾಗೆಯೇ ಉಳಿಯಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 13,952 ಮಂದಿ ಕಣದಲ್ಲಿದ್ದರು. ಬೆಳಗಾವಿ ಕ್ಷೇತ್ರವೊಂದರಲ್ಲಿಯೇ 456 ಮಂದಿ, ಆಂಧ್ರದ ನಲ್ಗೊಂಡದಲ್ಲಿ 480 ಮಂದಿ. ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ. ಅಲ್ಲಿ ಮತಪತ್ರವು ಪುಸ್ತಕದ ಗಾತ್ರಕ್ಕೆ ಬೆಳೆದಿತ್ತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಠೇವಣಿಯನ್ನು 10,000 ಮತ್ತು 5,000 ರೂಪಾಯಿಗೆ ಏರಿಸಲಾಯಿತು. ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕೆಂಬ ನಿಯಮವೂ ಬಂತು. 1998ರ ಚುನಾವಣೆಯಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಈಗಿನ ಮೊತ್ತ 2010ರಿಂದ ಜಾರಿಯಲ್ಲಿದೆ.

ಇಷ್ಟನ್ನು ನೋಡಿ ಠೇವಣಿ ತನ್ನ ಕೆಲಸ ಮಾಡಿದೆ ಎಂದು ಹೇಳುವವರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಲ್ಗೊಂಡದಲ್ಲಿ ಅಷ್ಟು ಮಂದಿ ನಿಂತದ್ದು ಹುಡುಗಾಟಕ್ಕಲ್ಲ. ಫ್ಲೋರೈಡ್ ತುಂಬಿದ ನೀರು ಕುಡಿದು ಮೂಳೆ ಬಾಗಿದ ಜನ ತಮ್ಮ ಸಂಕಟವನ್ನು ದೇಶಕ್ಕೆ ತೋರಿಸಲು ಹಿಡಿದ ದಾರಿ ಅದು. 500 ರೂಪಾಯಿಯಲ್ಲಿ ಸಾಧ್ಯವಾದ ಆ ಪ್ರತಿಭಟನೆ 25,000 ರೂಪಾಯಿಯಲ್ಲಿ ಸಾಧ್ಯವಾಗುತ್ತಿರಲಿಲ್ಲ. ಇನ್ನು ನಿಮ್ಮ ಮೂರನೆಯ ಪ್ರಶ್ನೆ. ವಿಧಾನಸಭಾ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿ 40 ಲಕ್ಷ ರೂಪಾಯಿವರೆಗೆ ವೆಚ್ಚ ಮಾಡಬಹುದು. ಅಷ್ಟು ವೆಚ್ಚ ಮಾಡಬಲ್ಲವರಿಗೆ 10,000 ರೂಪಾಯಿ ಎಂದರೆ ನಾನೂರರಲ್ಲಿ ಒಂದು ಪಾಲು, ಹೋದರೂ ಬಂದರೂ ಲೆಕ್ಕಕ್ಕಿಲ್ಲ. ನಾಗರಹೊಳೆಯ ಅಂಚಿನ ಹಾಡಿಯಿಂದ ಒಬ್ಬ ಯರವ ಅಥವಾ ಜೇನುಕುರುಬ ಯುವಕ ನಿಲ್ಲುತ್ತೇನೆಂದರೆ, ರಿಯಾಯಿತಿಯ ನಂತರದ 5,000 ರೂಪಾಯಿಯೂ ತೋಟದ ಕೂಲಿಯಲ್ಲಿ ಎಷ್ಟು ದಿನಗಳ ದುಡಿಮೆ ಎಂದು ನೀವೇ ಲೆಕ್ಕ ಹಾಕಿ. ಬಡವರನ್ನು ದೂರವಿಡುವ ಉದ್ದೇಶದಿಂದ ನಿಯಮ ಮಾಡಿದರೆಂದು ನಾನು ಹೇಳಲಾರೆ. ಆದರೆ ಆ ಭಾರ ಬಡವರ ಮೇಲೆಯೇ ಬೀಳುತ್ತದೆ ಎಂಬುದು ನಿಜ.

ಕ್ಷೇತ್ರದ ಗಾತ್ರವನ್ನೂ ಇಲ್ಲಿ ನೆನೆಯಬೇಕು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, ಈ ಸಣ್ಣ ನಾಡಿಗೆ 24 ಸದಸ್ಯರ ವಿಧಾನಸಭೆ ಇತ್ತು. 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆ ಸ್ಥಾನಗಳು ಕಡಿಮೆಯಾಗುತ್ತ ಬಂದು, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಗಿ, ಈಗ ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳು ಉಳಿದಿವೆ. ತನ್ನ ನಾಡಿನ ಜನರ ಪರಿಚಯವೊಂದನ್ನೇ ಬಂಡವಾಳವಾಗಿಸಿಕೊಂಡ ವ್ಯಕ್ತಿಗೆ ಆಗಿನ ಸಣ್ಣ ಕ್ಷೇತ್ರದಲ್ಲಿ ಆರನೇ ಒಂದು ಭಾಗ ಮತ ಕೈಗೆಟಕುವ ಮಾತಾಗಿತ್ತು. ಈಗ ಅದಕ್ಕೆ ಹತ್ತಾರು ಸಾವಿರ ಮತಗಳು ಬೇಕು. ಆದ್ದರಿಂದ ಹಣದ ಮೊತ್ತವನ್ನು ಮತ್ತೆ ಏರಿಸುವ ಮಾತು ಬಂದಾಗಲೆಲ್ಲ ನಾನು ವಿರೋಧಿಸುತ್ತೇನೆ. ಅಭ್ಯರ್ಥಿಯ ಗಂಭೀರತೆಯನ್ನು ಅಳೆಯಲೇಬೇಕಿದ್ದರೆ ಹತ್ತು ಸೂಚಕರ ಜಾಗದಲ್ಲಿ ನೂರು ಅಥವಾ ಇನ್ನೂರು ಮತದಾರರ ಸಹಿ ಕೇಳಲಿ. ಹಾಡಿಯ ಯುವಕ ಅದನ್ನು ನಡೆದುಹೋಗಿ ತರಬಲ್ಲ.

ಪ್ರಶ್ನೆ: ಠೇವಣಿಯನ್ನು ಪೂರ್ತಿ ನಾಣ್ಯಗಳಲ್ಲಿ ಕಟ್ಟಬಹುದೇ? ಚೆಕ್ ಕೊಡಬಹುದೇ?
– ನಿವೃತ್ತ ಶಿಕ್ಷಕರು, ಶನಿವಾರಸಂತೆ

ಉತ್ತರ: ಚೆಕ್ ನಡೆಯುವುದಿಲ್ಲ. ಚುನಾವಣಾಧಿಕಾರಿಯ ಬಳಿ ನಗದು ಕಟ್ಟಬೇಕು, ಇಲ್ಲವೇ ರಿಸರ್ವ್ ಬ್ಯಾಂಕಿನಲ್ಲಿ ಅಥವಾ ಸರ್ಕಾರಿ ಖಜಾನೆಯಲ್ಲಿ ಕಟ್ಟಿದ ರಶೀದಿಯನ್ನು ನಾಮಪತ್ರದ ಜೊತೆಗೆ ಕೊಡಬೇಕು. ನಾಣ್ಯಗಳ ಮಾತಿಗೆ ಬಂದರೆ, 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ ಮಾತ್ರ ಕಾನೂನುಬದ್ಧ ಚಲಾವಣೆ. ಅದರ ಮೇಲಿನದನ್ನು ನಾಣ್ಯದಲ್ಲಿ ಸ್ವೀಕರಿಸಲೇಬೇಕೆಂಬ ಕಡ್ಡಾಯ ಇಲ್ಲ. ಮತದಾರರು ಒಂದೊಂದು ರೂಪಾಯಿ ಕೂಡಿಸಿ ಕೊಟ್ಟ ಹಣವೆಂದು ಚೀಲ ಹೊತ್ತು ತಂದವರ ಮುಂದೆ ಸಿಬ್ಬಂದಿ ಕುಳಿತು ಎಣಿಸಿದ ಸುದ್ದಿಗಳನ್ನು ನಾವು ಓದಿದ್ದೇವೆ. ಅದು ಅಧಿಕಾರಿಗಳ ಸೌಜನ್ಯ. ಕೊನೆಯ ದಿನ, ಕೊನೆಯ ಗಂಟೆಯಲ್ಲಿ ಆ ಸೌಜನ್ಯವನ್ನು ನಂಬಿ ಹೋಗುವುದು ಬೇಡ.

ಪ್ರಶ್ನೆ: ಈ ವರ್ಷ ಕಾಫಿ ಮತ್ತು ಕರಿಮೆಣಸಿಗೆ ಒಳ್ಳೆಯ ಧಾರಣೆ ಸಿಕ್ಕಿತು. ಎಂಟು ಲಕ್ಷ ರೂಪಾಯಿಯನ್ನು ನಮ್ಮೂರ ಸೊಸೈಟಿಯಲ್ಲಿ ನಿಶ್ಚಿತ ಠೇವಣಿ ಇಡಬೇಕೆಂದಿದ್ದೇನೆ. ಅಲ್ಲಿ ಬ್ಯಾಂಕಿಗಿಂತ ಬಡ್ಡಿ ಹೆಚ್ಚು. ಐದು ಲಕ್ಷದವರೆಗೆ ಸರ್ಕಾರದ ವಿಮೆ ಇದೆಯೆಂದು ನಿರ್ದೇಶಕರೊಬ್ಬರು ಹೇಳಿದರು. ನಿಜವೇ?
– ಬೆಳೆಗಾರರು, ನಾಪೋಕ್ಲು

ಉತ್ತರ: ನಿಜವಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಸೊಸೈಟಿಯ ಗೋಡೆಗೆ ಅಂಟಿಸಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ಐದು ಲಕ್ಷದ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಧೀನದಲ್ಲಿರುವ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ. ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, ಪಟ್ಟಣ ಸಹಕಾರ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕುಗಳು ಅದರ ವ್ಯಾಪ್ತಿಯಲ್ಲಿವೆ. ಊರಿನ ಸೊಸೈಟಿಗಳು, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಇಲ್ಲ. ಸೌಹಾರ್ದ ಪತ್ತಿನ ಸಹಕಾರಿಗಳೂ ಇಲ್ಲ. ಮಡಿಕೇರಿಯ ಡಿಸಿಸಿ ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ವಿಮೆ ಇದೆ ಎಂಬ ಮಾತ್ರಕ್ಕೆ ಆ ಬ್ಯಾಂಕಿನಿಂದ ಸಾಲ ಪಡೆದು ನಡೆಯುವ ಊರಿನ ಸೊಸೈಟಿಯಲ್ಲಿ ಇಟ್ಟ ಹಣಕ್ಕೂ ಇದೆಯೆಂದು ತಿಳಿಯುವುದು ತಪ್ಪು. ಎರಡೂ ಬೇರೆ ಬೇರೆ ಸಂಸ್ಥೆಗಳು. ನಿಮ್ಮ ನಿರ್ದೇಶಕರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ, ಅವರೂ ಹಾಗೆಯೇ ನಂಬಿರಬಹುದು.

ಈ ವಿಮೆ ಹುಟ್ಟಿದ ಕಥೆಯನ್ನು ತಿಳಿದರೆ ಅದರ ಮಿತಿಯೂ ಅರ್ಥವಾಗುತ್ತದೆ. 1960ರಲ್ಲಿ ನಮ್ಮ ನೆರೆಯ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿಹೋಗಿ ಸಾವಿರಾರು ಠೇವಣಿದಾರರು ಕಂಗಾಲಾದರು. ಆ ಆಘಾತದ ನಂತರ ಕಾಯ್ದೆ ಬಂದು, 1962ರ ಜನವರಿ 1ರಿಂದ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ವಿಮೆ ಆರಂಭವಾಯಿತು. ಹಂತಹಂತವಾಗಿ ಏರಿ 1993ರಲ್ಲಿ ಒಂದು ಲಕ್ಷವಾಯಿತು. ಅಲ್ಲಿಂದ 27 ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ಮೊದಲಿಗೆ ಕೇವಲ 1,000 ರೂಪಾಯಿ ತೆಗೆಯಬಹುದೆಂದಾಗ ಜನ ಬೀದಿಗಿಳಿದರು. 2020ರ ಫೆಬ್ರುವರಿ 4ರಿಂದ ಮಿತಿ ಐದು ಲಕ್ಷವಾಯಿತು. 2021ರ ತಿದ್ದುಪಡಿಯಿಂದಾಗಿ, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನಗಳೊಳಗೆ ಸಿಗಬೇಕು. ಠೇವಣಿದಾರರ ಹಕ್ಕು ಈ ದೇಶದಲ್ಲಿ ಬೆಳೆದದ್ದು ಹೀಗೆ. ಪ್ರತಿ ಹೆಜ್ಜೆಗೂ ಮೊದಲು ಯಾರೋ ಒಂದಷ್ಟು ಜನರ ಹಣ ಮುಳುಗಿದೆ.

ಐದು ಲಕ್ಷ ಎಂಬುದರಲ್ಲಿ ಅಸಲು ಮತ್ತು ಬಡ್ಡಿ ಎರಡೂ ಸೇರಿವೆ. ಒಂದೇ ಬ್ಯಾಂಕಿನ ಮಡಿಕೇರಿ ಶಾಖೆಯಲ್ಲಿ ನಾಲ್ಕು ಲಕ್ಷ, ಗೋಣಿಕೊಪ್ಪ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟರೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಎರಡು ಬೇರೆ ಬ್ಯಾಂಕುಗಳಲ್ಲಿ ಇಟ್ಟರೆ ಎರಡಕ್ಕೂ ಪ್ರತ್ಯೇಕ ವಿಮೆ. ನಿಮ್ಮೊಬ್ಬರ ಹೆಸರಿನದು ಮತ್ತು ನೀವು ನಿಮ್ಮ ಪತ್ನಿಯವರೊಂದಿಗೆ ಜಂಟಿಯಾಗಿ ಇಟ್ಟದ್ದು ಒಂದೇ ಬ್ಯಾಂಕಿನಲ್ಲಿದ್ದರೂ ಬೇರೆ ಬೇರೆಯೆಂದು ಪರಿಗಣಿತವಾಗುತ್ತವೆ. ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ನಿಮ್ಮಿಂದ ವಸೂಲು ಮಾಡುವಂತಿಲ್ಲ.

ಹಾಗಾದರೆ ಸೊಸೈಟಿಯಲ್ಲಿ ಇಡಲೇಬಾರದೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಸಾಹುಕಾರನ ಬಡ್ಡಿಯಿಂದ ರೈತರನ್ನು ಬಿಡಿಸಿದ್ದು ಇಂಥ ಸಂಘಗಳೇ. ನಮ್ಮ ಜಿಲ್ಲೆಯಲ್ಲಿ ಗೊಬ್ಬರ, ಬೆಳೆಸಾಲ, ಆಭರಣ ಸಾಲ ಎಲ್ಲಕ್ಕೂ ಜನ ಮೊದಲು ಹೋಗುವುದು ಸೊಸೈಟಿಗೆ. ಚೆನ್ನಾಗಿ ನಡೆಯುವ ಸಂಘಗಳು ಬಹಳ ಇವೆ. ಆದರೆ ಅಲ್ಲಿ ನಿಮ್ಮ ಹಣಕ್ಕೆ ಕಾವಲು ವಿಮೆಯಲ್ಲ, ಆಡಳಿತ ಮಂಡಳಿಯ ಪ್ರಾಮಾಣಿಕತೆ. ಆ ಮಂಡಳಿಗೆ ಐದು ವರ್ಷಕ್ಕೊಮ್ಮೆ ನಡೆಯುವ ಚುನಾವಣೆ ಎಷ್ಟು ಬಿರುಸಾಗಿರುತ್ತದೆಂದು ನಿಮಗೆ ಗೊತ್ತಿದೆ. ಪಕ್ಷದ ಚಿಹ್ನೆ ಇಲ್ಲದಿದ್ದರೂ ಪಕ್ಷ ಇರುತ್ತದೆ. ಊರಿನ ಠೇವಣಿಯೆಲ್ಲ ಕೂಡಿದ ಹಣವನ್ನು ಯಾರಿಗೆ ಸಾಲ ಕೊಡಬೇಕೆಂದು ನಿರ್ಧರಿಸುವ ಕುರ್ಚಿ ಅದು. ಜಿಲ್ಲೆಯ ರಾಜಕಾರಣದ ಮೊದಲ ಮೆಟ್ಟಿಲೂ ಅದೇ. ಗುಂಪು ನೋಡಿ ಸಾಲ ಕೊಡುವುದು, ಚುನಾವಣೆ ಹತ್ತಿರವಾದಾಗ ವಸೂಲಿಗೆ ಹೋಗದಿರುವುದು, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸಿದಂತೆ ಬರೆಯುವುದು, ಇವು ಮೂರು ಸೇರಿದರೆ ಒಳ್ಳೆಯ ಸಂಘವೂ ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ.

ಆದ್ದರಿಂದ ಹಣ ಇಡುವ ಮೊದಲು ಸಂಘದ ಕಳೆದ ಮೂರು ವರ್ಷಗಳ ಆಡಿಟ್ ವರದಿ ಕೇಳಿ, ಆಡಿಟ್ ವರ್ಗ ಯಾವುದೆಂದು ನೋಡಿ. ವಸೂಲಾಗದ ಸಾಲ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬುದು ಲಾಭದ ಅಂಕಿಗಿಂತ ಮುಖ್ಯ. ಮಹಾಸಭೆಗೆ ಹೋಗಿ, ಊಟಕ್ಕೆ ಮೊದಲು ಲೆಕ್ಕಪತ್ರ ಓದುವಾಗ ಎದ್ದು ಪ್ರಶ್ನೆ ಕೇಳಿ. ನಾನು ನಿಮ್ಮ ಸ್ಥಾನದಲ್ಲಿದ್ದರೆ ಎಂಟು ಲಕ್ಷದಲ್ಲಿ ಮಕ್ಕಳ ಓದಿಗೆ, ಮನೆಯ ಕಾಯಿಲೆಗೆ ಬೇಕಾಗುವ ಭಾಗವನ್ನು ವಿಮೆ ಇರುವ ಎರಡು ಬ್ಯಾಂಕುಗಳಲ್ಲಿ ಇಟ್ಟು, ಕಳೆದುಹೋದರೂ ಸಂಸಾರ ನಿಲ್ಲದಷ್ಟು ಹಣವನ್ನು ಮಾತ್ರ ಸೊಸೈಟಿಯಲ್ಲಿ ಇಡುತ್ತಿದ್ದೆ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ಒಂದು ಖಾಸಗಿ ಹಣಕಾಸು ಕಚೇರಿ ತೆರೆದಿದೆ. ತಿಂಗಳಿಗೆ ನೂರಕ್ಕೆ ಮೂರರಂತೆ ಲಾಭ ಕೊಡುತ್ತೇವೆ ಎನ್ನುತ್ತಾರೆ. ಉದ್ಘಾಟನೆಗೆ ದೊಡ್ಡ ರಾಜಕಾರಣಿಗಳೇ ಬಂದಿದ್ದರು. ನಂಬಬಹುದೇ?
– ಗೃಹಿಣಿ, ಕುಶಾಲನಗರ

ಉತ್ತರ: ದಯವಿಟ್ಟು ನಂಬಬೇಡಿ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು; ಪ್ರಾಮಾಣಿಕ ವ್ಯಾಪಾರದಿಂದ ಅಷ್ಟನ್ನು ಪ್ರತಿ ತಿಂಗಳು, ಎಲ್ಲರಿಗೂ, ತಪ್ಪದೆ ಕೊಡಲು ಬರುವುದಿಲ್ಲ. ಹೊಸಬರು ಇಡುವ ಹಣದಿಂದ ಹಳಬರಿಗೆ ಲಾಭ ಹಂಚುವವರೆಗೆ ಆಟ ನಡೆಯುತ್ತದೆ, ಹೊಸಬರು ನಿಂತ ದಿನ ಬಾಗಿಲು ಮುಚ್ಚುತ್ತದೆ. ದೀಪ ಬೆಳಗಿದ ರಾಜಕಾರಣಿ ಆ ದಿನ ಜೊತೆಗಿರುವುದಿಲ್ಲ. ಅವರು ಜಾಮೀನು ಸಹಿ ಹಾಕಿಲ್ಲ, ಕಾನೂನಿನಲ್ಲಿ ಅವರ ಫೋಟೋಕ್ಕೆ ಬೆಲೆಯಿಲ್ಲ. ಜನಪ್ರತಿನಿಧಿಗಳೂ ಇದನ್ನು ಯೋಚಿಸಬೇಕು. ತಮ್ಮ ಮುಖ ನೋಡಿ ಕೂಲಿಯ ಹೆಣ್ಣುಮಗಳೊಬ್ಬಳು ಬಳೆ ಒತ್ತೆಯಿಟ್ಟು ಹಣ ತರುತ್ತಾಳೆಂಬ ಅರಿವು ಅವರಿಗಿದ್ದರೆ, ಸಂಸ್ಥೆಯ ಪತ್ರಗಳನ್ನು ನೋಡದೆ ಯಾವ ರಿಬ್ಬನ್ನನ್ನೂ ಕತ್ತರಿಸಬಾರದು.

2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ, ಸಂಬಂಧಪಟ್ಟ ಪ್ರಾಧಿಕಾರದ ನೋಂದಣಿಯಿಲ್ಲದೆ ಸಾರ್ವಜನಿಕರಿಂದ ಇಂಥ ಠೇವಣಿ ಪಡೆಯುವುದೂ ಅದರ ಜಾಹೀರಾತು ನೀಡುವುದೂ ಅಪರಾಧ. ಕರ್ನಾಟಕದಲ್ಲಿ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತರಕ್ಷಣೆಗೆ 2004ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಅದರಡಿ ಮೋಸಗಾರರ ಆಸ್ತಿ ಜಪ್ತಿ ಮಾಡಿ ಹಂಚಲು ಅವಕಾಶವಿದೆ. ಆದರೆ ಹಾಗೆ ಹಂಚಿಕೆಯಾಗುವುದಕ್ಕೆ ವರ್ಷಗಳು ಹಿಡಿಯುತ್ತವೆ, ಪೂರ್ತಿ ಹಣ ಸಿಗುವುದು ಅಪರೂಪ. ಕಚೇರಿಗೆ ಹೋಗಿ ‘ನಿಮ್ಮ ನೋಂದಣಿ ಯಾರಲ್ಲಿ?’ ಎಂದು ಕೇಳಿ, ಹೇಳಿದ ಉತ್ತರವನ್ನು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಪರೀಕ್ಷಿಸಿ. ದೂರನ್ನೂ ಅಲ್ಲಿಯೇ ಕೊಡಬಹುದು. ಚೀಟಿ ವ್ಯವಹಾರ ಬೇರೆ. ಅದಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಇದೆ, ನೋಂದಣಿ ಕಡ್ಡಾಯ.

ಪ್ರಶ್ನೆ: 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆ ಹೋಯಿತು. ಅತ್ತೆಯವರ ಕಬ್ಬಿಣದ ಪೆಟ್ಟಿಗೆಯಲ್ಲಿ ಬ್ಯಾಂಕಿನ ಬಾಂಡುಗಳಿದ್ದವು. ಅವರು ಈಚೆಗೆ ತೀರಿಕೊಂಡರು. ಯಾವ ಬ್ಯಾಂಕು, ಎಷ್ಟು ಹಣ ಎಂಬುದು ನಮಗೆ ಸರಿಯಾಗಿ ತಿಳಿಯದು. ಆ ಹಣ ಸರ್ಕಾರಕ್ಕೆ ಹೋಯಿತೇ?
– ಮಕ್ಕಂದೂರು ಕಡೆಯ ಓದುಗರು

ಉತ್ತರ: ಇಲ್ಲ ತಾಯಿ, ಹೋಗಿಲ್ಲ. ಬಾಂಡ್ ಎಂದು ನಾವು ಕರೆಯುವುದು ಠೇವಣಿಯ ರಶೀದಿ ಮಾತ್ರ. ಕಾಗದ ಮಣ್ಣಿನಡಿ ಹೋದರೂ ಬ್ಯಾಂಕಿನ ಲೆಕ್ಕದಲ್ಲಿ ಹಣ ಇದ್ದೇ ಇರುತ್ತದೆ. ಮೊದಲು ಬ್ಯಾಂಕು ಯಾವುದೆಂದು ಹುಡುಕೋಣ. ನಿಮ್ಮ ಅತ್ತೆಯವರ ಬಾಯಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಕೇಳಿದ ನೆನಪಿದ್ದರೆ ಈಗ ಕೆನರಾ ಬ್ಯಾಂಕಿಗೆ ಹೋಗಬೇಕು. ಕಾರ್ಪೊರೇಷನ್ ಬ್ಯಾಂಕ್ ಆಗಿದ್ದರೆ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ ಆಗಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ. 2019 ಮತ್ತು 2020ರ ವಿಲೀನಗಳಲ್ಲಿ ಹಳೆಯ ಫಲಕಗಳು ಇಳಿದವು, ಖಾತೆಗಳು ಹೊಸ ಬ್ಯಾಂಕಿಗೆ ವರ್ಗವಾದವು. ಸಮೀಪದ ಶಾಖೆಗೆ ಹೋಗಿ ಅತ್ತೆಯವರ ಹೆಸರು, ಅವರ ಗಂಡನ ಹೆಸರು, ಹಳೆಯ ವಿಳಾಸ ಮತ್ತು ಜನ್ಮ ದಿನಾಂಕ ಬರೆದ ಅರ್ಜಿ ಕೊಡಿ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ನಿಧಿಯೊಂದಕ್ಕೆ ವರ್ಗಾಯಿಸುತ್ತವೆ. ಹಾಗೆ ವರ್ಗಾಯಿಸಿದ ಮೇಲೂ ವಾರಸುದಾರರು ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು. ಅಂಥ ಠೇವಣಿಗಳನ್ನು ಹುಡುಕಲು 2023ರ ಆಗಸ್ಟಿನಿಂದ ‘ಉದ್ಗಮ್’ ಎಂಬ ಜಾಲತಾಣ ಇದೆ. ಹೆಸರಿನ ಜೊತೆಗೆ ಪ್ಯಾನ್, ಮತದಾರರ ಗುರುತಿನ ಚೀಟಿ ಅಥವಾ ಜನ್ಮ ದಿನಾಂಕದಂಥ ಒಂದು ವಿವರ ಕೊಟ್ಟು ಅನೇಕ ಬ್ಯಾಂಕುಗಳಲ್ಲಿ ಒಟ್ಟಿಗೆ ಹುಡುಕಬಹುದು. ಅಂಚೆ ಕಚೇರಿ ಮತ್ತು ಸೊಸೈಟಿಯ ಠೇವಣಿಗಳು ಅದರಲ್ಲಿ ಕಾಣುವುದಿಲ್ಲ, ಅಲ್ಲಿಗೆ ನೀವೇ ಹೋಗಿ ಕೇಳಬೇಕು.

ಖಾತೆ ಸಿಕ್ಕಿದ ಮೇಲೆ, ನಾಮಿನಿ ಹೆಸರು ಬರೆಸಿದ್ದರೆ ಮರಣ ಪ್ರಮಾಣಪತ್ರ ಮತ್ತು ನಾಮಿನಿಯ ಗುರುತಿನ ಪತ್ರ ಸಾಕು. ರಶೀದಿ ಕಳೆದ ಬಗ್ಗೆ ಬ್ಯಾಂಕು ನಷ್ಟಭರ್ತಿ ಪತ್ರವೊಂದನ್ನು ಬರೆಸಿಕೊಳ್ಳುತ್ತದೆ. ನಾಮಿನಿ ಇಲ್ಲದಿದ್ದರೆ ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆ, ಮೊತ್ತ ದೊಡ್ಡದಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ನಾಮಿನಿ ಎಂದ ಮಾತ್ರಕ್ಕೆ ಹಣದ ಒಡೆಯರಾಗುವುದಿಲ್ಲ. ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ತಲುಪಿಸುವ ಹೊಣೆಗಾರರು ಅವರು, ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆ ವರ್ಷದ ಮಳೆಯಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳ ಹಿರಿಯರ ಹಣ ಇಂದಿಗೂ ಹೀಗೆಯೇ ಕಾಯುತ್ತಿರಬಹುದೆಂದು ನೆನೆದರೆ ಸಂಕಟವಾಗುತ್ತದೆ. ಈ ಉತ್ತರವನ್ನು ನೆರೆಹೊರೆಯವರಿಗೂ ಓದಿ ಹೇಳಿ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ದಿನವೂ ಪಿಗ್ಮಿ ಕಟ್ಟುತ್ತಿದ್ದೇನೆ. ಈಗ ಮಗ ಅದು ಹಳೆಯ ಕಾಲದ ಪದ್ಧತಿ, ನಿಲ್ಲಿಸಿ ಎನ್ನುತ್ತಾನೆ. ತಮ್ಮ ಅಭಿಪ್ರಾಯವೇನು?
– ದಿನಸಿ ವ್ಯಾಪಾರಿ, ಗೋಣಿಕೊಪ್ಪ

ಉತ್ತರ: ಪಿಗ್ಮಿ ನಮ್ಮ ಕರಾವಳಿ ದೇಶಕ್ಕೆ ಕೊಟ್ಟ ಕೊಡುಗೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಲು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಮೀನು ಮಾರುವವರು, ನೇಕಾರರು, ಸಣ್ಣ ಅಂಗಡಿಯವರು ಮೊದಲ ಬಾರಿಗೆ ಖಾತೆದಾರರಾದದ್ದು ಹಾಗೆ. ಸಂಗ್ರಾಹಕರು ಬ್ಯಾಂಕಿನ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ ಒಪ್ಪಲು 2001ರವರೆಗೆ ಕಾಯಬೇಕಾಯಿತು.

ನಿಮ್ಮ ಮಗನ ಮಾತಿನಲ್ಲಿ ಲೆಕ್ಕದ ಸತ್ಯವಿದೆ. ಪಿಗ್ಮಿಯ ಬಡ್ಡಿ ಕಡಿಮೆ, ಅವಧಿಗೆ ಮೊದಲು ಮುರಿದರೆ ಕಡಿತವೂ ಇದೆ. ಆದರೆ ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಉಳಿದ ಹಣ ರಾತ್ರಿಯೊಳಗೆ ಖರ್ಚಾಗದಂತೆ ತಡೆಯುವ ಶಿಸ್ತಿಗೂ ಬೆಲೆಯಿದೆ. ನನ್ನ ಸಲಹೆ ಇಷ್ಟೇ: ಪಿಗ್ಮಿ ಮುಂದುವರಿಸಿ, ವರ್ಷಕ್ಕೊಮ್ಮೆ ಕೂಡಿದ ಮೊತ್ತವನ್ನು ನಿಶ್ಚಿತ ಠೇವಣಿಗೆ ಬದಲಿಸಿ. ಹಣ ಕೊಟ್ಟ ಕ್ಷಣವೇ ಯಂತ್ರದ ರಶೀದಿ ತೆಗೆದುಕೊಳ್ಳಿ. ಪರಿಚಯದ ಸಂಗ್ರಾಹಕರೆಂದು ‘ನಾಳೆ ಬರೆಯಿರಿ’ ಎನ್ನಬೇಡಿ. ತಿಂಗಳಿಗೊಮ್ಮೆ ಶಾಖೆಯಲ್ಲಿ ಬಾಕಿ ನೋಡಿ ಪಾಸ್‌ಬುಕ್ಕಿಗೆ ತಾಳೆ ಮಾಡಿ. ನಾನು ಕೆಲಸ ಮಾಡಿದ ಒಂದು ಕಡೆ, ಎರಡು ವರ್ಷ ಶಾಖೆಯತ್ತ ತಲೆಹಾಕದ ವ್ಯಾಪಾರಿಯೊಬ್ಬರ ಖಾತೆಯಲ್ಲಿ ಅವರು ಕೊಟ್ಟದ್ದರ ಅರ್ಧ ಮಾತ್ರ ಇತ್ತು. ಕೈಯಲ್ಲಿ ರಶೀದಿಗಳಿಲ್ಲದೆ ಅವರು ಅದನ್ನು ಸಾಬೀತು ಮಾಡಲಾಗಲಿಲ್ಲ.

ಪ್ರಶ್ನೆ: ವಿದ್ಯುತ್ ಬಿಲ್ಲಿನಲ್ಲಿ ‘ಹೆಚ್ಚುವರಿ ಭದ್ರತಾ ಠೇವಣಿ’ ಕೇಳಿದ್ದಾರೆ. ಮನೆ ಕಟ್ಟಿದಾಗಲೇ ಕಟ್ಟಿದ್ದೆವು, ಮತ್ತೆ ಏಕೆ?
– ಹೋಂಸ್ಟೇ ನಡೆಸುವವರು, ಸೋಮವಾರಪೇಟೆ

ಉತ್ತರ: ಭದ್ರತಾ ಠೇವಣಿ ಸಾಮಾನ್ಯವಾಗಿ ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಇರಬೇಕು. ಹೋಂಸ್ಟೇ ಆರಂಭಿಸಿದ ಮೇಲೆ ನಿಮ್ಮ ಬಳಕೆ ಏರಿದೆ, ಹಳೆಯ ಠೇವಣಿ ಸಾಲದಾಗಿದೆ. ಆದರೆ 2003ರ ವಿದ್ಯುತ್ ಕಾಯ್ದೆಯ 47ನೇ ಕಲಮಿನ ಪ್ರಕಾರ ಈ ಹಣಕ್ಕೆ ಅವರು ನಿಮಗೆ ಬಡ್ಡಿ ಕೊಡಲೇಬೇಕು, ಸಂಪರ್ಕ ಬೇಡವೆಂದರೆ ಠೇವಣಿಯನ್ನು ಮರಳಿಸಬೇಕು. ಬಡ್ಡಿಯನ್ನು ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಆ ಸಾಲು ಬಂದಿದೆಯೇ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ.

ಪ್ರಶ್ನೆ: ನಮ್ಮ ಐನ್‌ಮನೆಯ (ಮನೆತನದ ಮೂಲ ಮನೆಯ) ದುರಸ್ತಿಗೆಂದು ಒಕ್ಕದವರೆಲ್ಲ (ಮನೆತನದವರೆಲ್ಲ) ಕೂಡಿಸಿದ ಹಣವನ್ನು ಪಟ್ಟೇದಾರರ (ಒಕ್ಕದ ಹಿರಿಯ ಮುಖ್ಯಸ್ಥರ) ಹೆಸರಿನಲ್ಲಿ ಠೇವಣಿ ಇಟ್ಟಿದ್ದೇವೆ. ಅವರಿಗೆ ಈಗ 82 ವರ್ಷ. ಅವರ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ. ಆದರೂ ಕಿರಿಯರು ಆಕ್ಷೇಪಿಸುತ್ತಿದ್ದಾರೆ.
– ಒಕ್ಕದ ಸದಸ್ಯರು, ಪೊನ್ನಂಪೇಟೆ

ಉತ್ತರ: ಕಿರಿಯರ ಆಕ್ಷೇಪವನ್ನು ಹಿರಿಯರ ಮೇಲಿನ ಅವಿಶ್ವಾಸವೆಂದು ತಿಳಿಯಬೇಡಿ. ಬ್ಯಾಂಕಿನ ಕಣ್ಣಿಗೆ ಅದು ಒಕ್ಕದ ಹಣವಲ್ಲ, ಆ ಹಿರಿಯರ ಸ್ವಂತ ಹಣ. ಬಡ್ಡಿಯ ಮೇಲಿನ ತೆರಿಗೆ ಅವರ ಪ್ಯಾನ್ ಸಂಖ್ಯೆಗೆ ಬೀಳುತ್ತದೆ. ಐದು ಲಕ್ಷದ ವಿಮೆಯಲ್ಲಿ ಅವರ ಸ್ವಂತ ಉಳಿತಾಯದ ಜೊತೆಗೆ ಇದೂ ಸೇರಿಹೋಗುತ್ತದೆ. ಅವರು ಕಾಲವಾದರೆ ನಾಮಿನಿಯಾದ ಮಗ ಅಥವಾ ಮಗಳು ಮುಂದೆ ಬರಬೇಕು; ನಾಮಿನಿ ಇಲ್ಲದಿದ್ದರೆ ವಿದೇಶದಲ್ಲಿರುವ ಒಬ್ಬ ವಾರಸುದಾರರು ಸಹಿ ಹಾಕದಿದ್ದರೂ ಸಾಕು, ಹೆಂಚು ಸೋರುವ ಐನ್‌ಮನೆ ಇನ್ನೂ ಹತ್ತು ಮಳೆಗಾಲ ಸೋರುತ್ತದೆ. ಒಳ್ಳೆಯವರ ನಡುವೆಯೇ ಇಂಥ ವ್ಯಾಜ್ಯ ಹುಟ್ಟಿದ್ದನ್ನು ನಾನು ಕಂಡಿದ್ದೇನೆ.

ಒಕ್ಕವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ ನೋಂದಾಯಿಸಿ, ಅದರ ಹೆಸರಿನಲ್ಲಿ ಪ್ಯಾನ್ ಪಡೆದು ಖಾತೆ ತೆರೆಯಿರಿ. ಪಟ್ಟೇದಾರರು ಅಧ್ಯಕ್ಷರಾಗಿಯೇ ಇರಲಿ. ಮೂವರ ಸಹಿಯ ಅಧಿಕಾರವಿದ್ದು, ಹಣ ತೆಗೆಯಲು ಯಾವುದಾದರೂ ಇಬ್ಬರ ಸಹಿ ಬೇಕೆಂದು ನಿರ್ಣಯ ಬರೆಯಿರಿ. ಆ ಮೂವರಲ್ಲಿ ಒಬ್ಬರು ಐವತ್ತು ವರ್ಷದೊಳಗಿನವರಿರಲಿ. ಈಗಿನ ಠೇವಣಿಯನ್ನು ಪಟ್ಟೇದಾರರು ಆರೋಗ್ಯವಾಗಿರುವಾಗಲೇ ಅವರ ಕೈಯಿಂದಲೇ ಹೊಸ ಖಾತೆಗೆ ವರ್ಗಾಯಿಸಿ. ಅವಧಿಗೆ ಮೊದಲು ಮುರಿದದ್ದಕ್ಕೆ ಅರ್ಧ ಅಥವಾ ಒಂದು ಶೇಕಡಾ ಬಡ್ಡಿ ಹೋದರೂ ಹೋಗಲಿ. ಹುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಯಲ್ಲಿ ಸೇರುತ್ತೀರಲ್ಲ, ಕದಿರು ತೆಗೆದ ಮರುದಿನ ನೆಲ್ಲಕ್ಕಿ ಬೊಳ್‌ಚದ (ಐನ್‌ಮನೆಯ ನಡುಮನೆಯ ದೀಪದ) ಮುಂದೆ ಕುಳಿತು ಆ ವರ್ಷದ ಲೆಕ್ಕವನ್ನು ಪಟ್ಟೇದಾರರೇ ಓದಲಿ, ಕಿರಿಯರೊಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ.